ಪ್ರತಿಮಾಗೆ ಕೇಳಿಸದ ಸಪ್ಪಳ

ಇದು ನಡೆದದ್ದೇ ನಡೆದದ್ದು. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ, ನಾಳೆ ಈ ಹಾಳೆಯಲ್ಲಿ ಸುತ್ತಿ ಕೊಟ್ಟ ಚುರುಮುರಿ ಮೆತ್ತಗಾಗಿ ಹಲ್ಲಿಗೆ ಅಂಟಲಿ, ಜೊತೆಗೆ ಕೊಟ್ಟ ಮಿರ್ಚಿ ಭಜಿಯಲ್ಲಿ ಮೆಣಸಿನಕಾಯಿಯೇ ಇಲ್ಲದಿರಲಿ. ನಂಬಿಕೆ ಬರದಿದ್ದರೆ ಬನಹಟ್ಟಿಯಲ್ಲಿ ಯಾರನ್ನಾದರೂ ಕೇಳಿ, ಹೌದು ಅನ್ನುತ್ತಾರೆ. ಮಗ್ಗದ ಸದ್ದಿನಲ್ಲಿ ನಿಮ್ಮ ಪ್ರಶ್ನೆ ಅವರಿಗೆ ಕೇಳಿಸಿರುವುದಿಲ್ಲ, ಏನು ಕೇಳಿದರೂ ಹೌದು ಅನ್ನುತ್ತಾರೆ, ಅದು ಬೇರೆ ಮಾತು.

ಬೆಳಗಿನ ಐದೂವರೆ. ಕೆಳಗೆ ಮಗ್ಗಗಳು ಇನ್ನೂ ಮಲಗಿವೆ. ಮಾಳಿಗೆಯ ಕೋಣೆಯಲ್ಲಿ ಪ್ರತಿಮಾ ಕಿವಿಗೆ ಫೋನ್ ಹಚ್ಚಿಕೊಂಡು ಕುಳಿತಿದ್ದಾರೆ. ಆ ಕಡೆ ಯಾರೂ ಇಲ್ಲ. ಹಲೋ ಇಲ್ಲ, ಹ್ಞೂಂ ಇಲ್ಲ. ಫೋನ್ ಮುಂದೆ ಹಿಡಿದು ಕ್ಯಾಮೆರಾ ತೆರೆಯುತ್ತಾರೆ, ಗೋಡೆಯ ಮೊಳೆಯನ್ನು ಅದಕ್ಕೆ ತೋರಿಸುತ್ತಾರೆ, ಕಿವಿಗೆ ಹಚ್ಚಿ ಮುಚ್ಚುತ್ತಾರೆ, ಉಸಿರು ಬಿಗಿ ಹಿಡಿಯುತ್ತಾರೆ. ಮತ್ತೆ ತೆರೆಯುತ್ತಾರೆ, ಮತ್ತೆ ಮುಚ್ಚುತ್ತಾರೆ. ಹಾಲು ತಂದ ಕಲ್ಮೇಶ ಓಣಿಯಿಂದಲೇ ಕತ್ತೆತ್ತಿ ಕೇಳುತ್ತಾನೆ.

“ಅಕ್ಕಾರ, ಇಷ್ಟ ಹೊತ್ತಿನ್ಯಾಗ ಯಾರ ಕೂಡ ಮಾತ್ರಿ?”

“ಯಾರ ಕೂಡನೂ ಇಲ್ಲೋ. ಕೇಳಾಕತ್ತೇನಿ.”

“ಏನ್ ಕೇಳಸ್ತೈತಿ?”

“ಏನೂ ಇಲ್ಲ.”

“ಮತ್ತ?”

“ಏನೂ ಕೇಳಸಬಾರ್ದಪಾ. ಅದಕ್ಕ ಪಗಾರ ಕೊಡ್ತಾರ.”

ಕಲ್ಮೇಶ ತಲೆ ಅಲ್ಲಾಡಿಸಿ ಮುಂದಿನ ಮನೆಗೆ ಹೋಗುತ್ತಾನೆ. ಏನೂ ಕೇಳಿಸದಿರುವುದಕ್ಕೆ ಪಗಾರ ಬರುವುದಾದರೆ ಬನಹಟ್ಟಿಯಲ್ಲಿ ಅರ್ಧ ಊರು ಸಾಹುಕಾರ ಆಗಬೇಕಿತ್ತು ಎಂದು ಅವನ ಲೆಕ್ಕ.

ಪ್ರತಿಮಾ ಮಾಡುವುದು ಕರ್ನಲ್ ಡ್ರೈವರ್ ತಪಾಸಣೆ. ಈ ಮಾತು ಮಾಳಿಗೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಬೇರೆ ಅಂಗಿ ತೊಟ್ಟುಕೊಂಡಿತು. ಎಂಬತ್ತು ದಾಟಿದ ಅಜ್ಜಿ ಸಾತವ್ವನಿಗೆ ತಿಳಿದದ್ದು ಇಷ್ಟು: ದಂಡಿನಲ್ಲಿ ಒಬ್ಬ ಕರ್ನಲ್ ಸಾಹೇಬ ಇದ್ದಾನೆ, ಅವನ ಗಾಡಿಗೊಬ್ಬ ಡ್ರೈವರ್ ಇದ್ದಾನೆ, ಆ ಡ್ರೈವರ್ ನೆಟ್ಟಗೆ ಗಾಡಿ ಹೊಡೆಯುತ್ತಾನೋ ಇಲ್ಲವೋ ಎಂದು ಮೊಮ್ಮಗಳು ಇಲ್ಲಿ ಕುಳಿತೇ ಕಂಪ್ಯೂಟರಿನಲ್ಲಿ ನೋಡುತ್ತಾಳೆ. ಓಣಿ ತುಂಬ ಅದೇ ಸುದ್ದಿಯಾಯಿತು. ಬಸ್ ಡ್ರೈವರ್ ಮಾಂತೇಶ ಒಂದು ದಿನ ಕೈ ಮುಗಿದುಕೊಂಡು ಬಂದೇ ಬಿಟ್ಟ. “ಅಕ್ಕಾರ, ನನ್ನ ಆ ಸಮೀರವಾಡಿ ಗಾಡಿಯಿಂದ ತಗಸ್ರಿ. ಕಬ್ಬಿನ ಟ್ರಾಲಿ ಹಿಂದ ಹೋಗಿ ಹೋಗಿ, ಸಣ್ಣವಿದ್ದಾಂವ ಮುದುಕ ಆದ್ನಿ.”

ಖರೆ ಸಂಗತಿ ಬೇರೆ. ಕರ್ನಲ್ ಅಂದರೆ ಫೋನಿನೊಳಗೆ ಎಲ್ಲರ ಮೇಲೆ ಯಜಮಾನಿಕೆ ಮಾಡುವ ಪ್ರೋಗ್ರಾಂ. ಡ್ರೈವರ್ ಅಂದರೆ ಆ ಯಜಮಾನನ ಮಾತನ್ನು ಒಂದೊಂದು ಭಾಗಕ್ಕೆ ತಿಳಿಯುವ ಹಾಗೆ ಮುಟ್ಟಿಸುವ ಆಳು. ಪ್ರತಿಮಾ ನೋಡುವುದು ಕ್ಯಾಮೆರಾದ ಆಳನ್ನು. ಫೋನಿನ ಕ್ಯಾಮೆರಾದಲ್ಲಿ ಅಲಸಂದಿ ಕಾಳಿನಷ್ಟು ಮಸೂರ ಇರುತ್ತದೆ, ಅದಕ್ಕೊಂದು ಕೂದಲೆಳೆ ತಂತಿಯ ಮೋಟರ್. ಕರೆಂಟ್ ಕೊಟ್ಟರೆ ಮಸೂರ ಮುಂದೆ ಸರಿಯುತ್ತದೆ, ಆಗ ಮಸುಕಾಗಿದ್ದದ್ದು ನಿಚ್ಚಳವಾಗುತ್ತದೆ. ಕರೆಂಟ್ ತೆಗೆದರೆ ಮಸೂರ ಹಿಂದಕ್ಕೆ ಬೀಳುತ್ತದೆ. ಬೀಳಬಾರದು, ಇಳಿಯಬೇಕು. ನಿದ್ದೆ ಬಂದ ಕೂಸನ್ನು ಕಂಕುಳಿಂದ ಹಾಸಿಗೆಗೆ ಇಳಿಸುತ್ತಾರಲ್ಲ, ಹಾಗೆ. ಯಾರೋ ಬರೆದ ಕೋಡಿನಲ್ಲಿ ಆ ಇಳಿಸುವ ಕೆಲಸ ಸರಿ ಇದೆಯೋ ಇಲ್ಲವೋ ನೋಡುವುದು ಪ್ರತಿಮಾರ ಕಸಬು. ಅವರೇ ಹೇಳುವ ಹಾಗೆ:

“ನಾ ಏನೂ ಬರಿಯೂದಿಲ್ರಿ. ಮಂದಿ ಬರದದ್ದಕ್ಕ ಯಾಕ ಅಂತ ಕೇಳ್ತೇನಿ. ಇಲ್ಲೆ ಕರೆಂಟ್ ಯಾಕ ಮೊದಲ ತಗದ್ರಿ? ಇಲ್ಲೆ ತಪ್ಪಾದ್ರ ವಾಪಸ್ ಬರೂ ದಾರಿ ಯಾಕ ಬಿಟ್ಟಿಲ್ಲ? ಯಾಕ, ಯಾಕ, ಯಾಕ. ಅಷ್ಟ.”

ದಿನಕ್ಕೆ ಐದಾರು ಜನರ ಬರಹ ಬರುತ್ತದೆ. ಒಂದೊಂದು ನಾಲ್ಕೈದು ಸಲ ಹೋಗಿ ತಿದ್ದಿಸಿಕೊಂಡು ಬರುತ್ತದೆ. ಈ ತನಕ ಓದಿದ ಸಾಲುಗಳನ್ನು ಒಂದಕ್ಕೊಂದು ಗಂಟು ಹಾಕಿದರೆ ಬನಹಟ್ಟಿಯಿಂದ ಮುಧೋಳಕ್ಕೆ ಹೋಗಿ, ಬೆಲ್ಲ ಕೊಂಡು, ಬೀಳಗಿಯ ಬೀಗರಿಗೆ ಒಂದಷ್ಟು ಕೊಟ್ಟು ಬರಬಹುದು. ಮದುವೆ ಯಾವಾಗ ಎಂದು ಕೇಳುವವರಿಗೂ ಪ್ರತಿಮಾ ಹತ್ತಿರ ಒಂದೇ ಉತ್ತರ: “ಯಾಕ?”

ತಂದೆ ನಾಮದೇವ ಹುಟ್ಟಾ ನೇಕಾರರು. ಕೆಳಗೆ ಮಗ್ಗ, ಮೇಲೆ ಮನೆಯ ಒಂದು ಕೋಣೆ. ಮಗಳು ಜಮಖಂಡಿಯಲ್ಲಿ ಕಾಲೇಜು, ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದಾಗ ಎಲ್ಲರೂ ಮನೆಯಲ್ಲೇ ಕುಳಿತು ದುಡಿಯುವ ಕಾಲ. ಆಮೇಲೆ ಉಳಿದವರನ್ನೆಲ್ಲ ಆಫೀಸಿಗೆ ಕರೆದರು, ಈಕೆಯನ್ನು ಕರೆಯುವುದು ಕಂಪನಿಗೆ ಮರೆತೇಹೋಯಿತು. ಕಷ್ಟ ಅಂದರೆ ಸದ್ದು. ಮೀಟಿಂಗಿನಲ್ಲಿ ಆ ಕಡೆಯವರು “ನಿಮ್ಮಲ್ಲಿ ಮಳೆಯಾ” ಎಂದು ಕೇಳುತ್ತಾರೆ. ಮಗ್ಗ ಎಂದು ತಿಳಿಸಿ ಹೇಳುವಷ್ಟು ಹೊತ್ತು ಯಾರಿಗಿದೆ. ಪ್ರತಿಮಾ “ಹೌದ್ರಿ, ಬಾಳ ಮಳಿ” ಅಂದುಬಿಡುತ್ತಾರೆ. ಕಂಪನಿಯವರ ಲೆಕ್ಕದಲ್ಲಿ ಬನಹಟ್ಟಿಯಲ್ಲಿ ವರ್ಷದ ಹನ್ನೆರಡು ತಿಂಗಳೂ ಧೋ ಧೋ ಮಳೆ, ಊರವರು ಹೊಲಕ್ಕೆ ದೋಣಿಯಲ್ಲಿ ಹೋಗುತ್ತಾರೆ.

ಮಗ್ಗದ ಊರಿನ ಕಿವಿಯೇ ಬೇರೆ. ಇಲ್ಲಿ ಕೂಸು ಸದ್ದಿಗೆ ಏಳುವುದಿಲ್ಲ, ಸದ್ದು ನಿಂತರೆ ಎದ್ದು ಅಳುತ್ತದೆ. ಗುಡುಗಿದರೆ ಯಾರೋ ಹೊಸ ಮಗ್ಗ ತಂದರು ಅಂದುಕೊಳ್ಳುತ್ತಾರೆ. ದೊಡ್ಡ ಸದ್ದು ಈ ಕಿವಿಗೆ ಹಾಸಿಗೆ ಇದ್ದ ಹಾಗೆ. ಸಣ್ಣ ಸದ್ದು ಮಾತ್ರ ಒಳಗೆ ಬರುವುದೇ ಇಲ್ಲ. ಪ್ರತಿಮಾ ಎಡವಿದ್ದು ಇಲ್ಲೇ.

ಪುಣೆಯಲ್ಲಿ ಕೆಲಸ ಮಾಡುವ ನಿಶಾಂತ ಎಂಬ ಹುಡುಗ ಒಂದು ತಿದ್ದುಪಡಿ ಕಳಿಸಿದ್ದ. ಕ್ಯಾಮೆರಾ ಮುಚ್ಚುವಾಗ ಮಸೂರವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ ಸಾಲುಗಳನ್ನು ಅವನು ತೆಗೆದುಹಾಕಿದ್ದ. ಯಾಕೆ ಎಂದು ಪ್ರತಿಮಾ ಕೇಳಿದರು. ಕ್ಯಾಮೆರಾ ಬೇಗ ಮುಚ್ಚುತ್ತದೆ, ಹೊಸ ಮೋಟರ್ ತಾನೇ ಮೆತ್ತಗೆ ಕೂರುತ್ತದೆ ಎಂದು ಅವನ ಉತ್ತರ. ಸರಿ, ನೋಡೋಣ ಎಂದು ಪ್ರತಿಮಾ ಆ ಕೋಡನ್ನು ಕಂಪನಿಯ ಒಂದು ಫೋನಿಗೆ ಹಾಕಿ, ಕಿವಿಗೆ ಹಚ್ಚಿ, ಕ್ಯಾಮೆರಾ ಮುಚ್ಚಿದರು. ನಡುಮಧ್ಯಾಹ್ನ. ಕೆಳಗೆ ಎಲ್ಲ ಮಗ್ಗ ಓಡುತ್ತಿದ್ದವು, ಲಾಳಿಗಳು ಅತ್ತಿಂದಿತ್ತ ಬಡಿಯುತ್ತಿದ್ದವು. ಏನೂ ಕೇಳಿಸಲಿಲ್ಲ. “ನೋಡಿ ಒಪ್ಪಿದವರು” ಎಂಬ ಸಾಲಿನಲ್ಲಿ ತಮ್ಮ ಹೆಸರು ಬರೆದು ಕೋಡನ್ನು ಮುಂದೆ ಕಳಿಸಿದರು.

“ಬ್ಯಾರೆ ಊರಾಗಿನ ಯಾರ ಕಿವಿಗರೆ ಕೇಳ್ತಿತ್ರಿ. ನನ್ನ ಕಿವಿಗೆ ಕೇಳಲಿಲ್ಲ. ಮಗ್ಗ ನಡದಾವ ಅನ್ನೂದ ನನಗ ಗೊತ್ತಾಗಲಿಲ್ಲ ನೋಡ್ರಿ. ಅವು ನಡದದ್ದು ನಮಗ ಸುಮ್ಮ ಇದ್ದಂಗ.”

ಇಷ್ಟರಲ್ಲೇ ಮುಗಿದಿದ್ದರೆ ಅದು ಕಂಪನಿಯ ತಾಪತ್ರಯ. ಆದರೆ ಕೋಡು ಹೊರಗಿನ ಮಂದಿಯ ಕೈಗೆ ಹೋಗುವ ಮೊದಲು ಮನೆಯಲ್ಲಿ ಬಳಸಿ ನೋಡುವುದು ಆ ಕಸಬಿನ ವಾಡಿಕೆ. ಪ್ರತಿಮಾ ಆ ಫೋನನ್ನು ಅಪ್ಪನ ಕೈಗೆ ಕೊಟ್ಟರು.

ನಾಮದೇವರ ತಮ್ಮ ಧರ್ಮರಾಜ ಜಮಖಂಡಿಯಲ್ಲಿ ಸರ್ಕಾರಿ ನೌಕರಿಯಲ್ಲಿದ್ದಾರೆ. ಅಣ್ಣತಮ್ಮಂದಿರು ದಿನಾ ಜಗಳಾಡುವವರು, ದಿನಾ ರಾಜಿಯಾಗುವವರು. ಆ ದಿನ ಮಧ್ಯಾಹ್ನ ಕರೆಂಟ್ ಹೋಗಿತ್ತು. ಮಗ್ಗ ನಿಂತು ಮನೆ ಬಣಬಣ ಅನ್ನುತ್ತಿತ್ತು. ಧರ್ಮರಾಜ ವಿಡಿಯೊ ಕಾಲ್ ಮಾಡಿದರು.

“ಅಣ್ಣಾ, ಅವ್ವನ ಕಾಲ ತೋರಸು.”

ನಾಮದೇವ ಫೋನಿನ ಹಿಂದಿನ ಕ್ಯಾಮೆರಾವನ್ನು ಸಾತವ್ವನ ಕಾಲಿಗೆ ತೋರಿಸಿ ಹಿಡಿದರು.

“ಎಷ್ಟ ಬಾತಾವಲ್ಲ. ನಾ ಇಲ್ಲೆ ಕರ್ಕೊಂಡ ಬರ್ತೇನಿ. ದವಾಖಾನಿ ಬಾಜೂಕ ಐತಿ.”

“ಅವ್ವ ಏನ್ ಬಸ್ಸಿನ್ಯಾಗ ಮರತ ಬಿಟ್ಟ ಚೀಲೇನಲೇ, ಬಂದ ಎತಗೊಂಡ ಹೋಗಾಕ?”

“ನಿನಗ ಮಗ್ಗ ಬಿಟ್ರ ಮನಷ್ಯಾರ ಕಾಣೂದಿಲ್ಲ.”

“ಆ ಮಗ್ಗದ ಮ್ಯಾಲ ನೀ ಸಾಲಿ ಕಲ್ತಿ. ಈಗ ಬಂದಾಗೊಮ್ಮೆ ಧೂಳಂತ ಮೂಗಿಗೆ ಅರಬಿ ಹಿಡಕೊಂಡ ಕುಂದ್ರತಿ.”

“ಹಂಗಾರ ಬರೂದ ಬ್ಯಾಡ ಬಿಡು. ನಾ ಇನ್ನ ನಿಮ್ಮ ಹೊಸ್ತಿಲಾ ತುಳಿಯೂದಿಲ್ಲ.”

ಅಂದವರೇ ಧರ್ಮರಾಜ ಫೋನ್ ಕಡಿದರು. ಇತ್ತ ನಾಮದೇವರ ಕೈಯಲ್ಲಿದ್ದ ಫೋನಿನ ಕ್ಯಾಮೆರಾ ಮುಚ್ಚಿತು. ಕರೆಂಟ್ ಕಳೆದುಕೊಂಡ ಮಸೂರ ಧೊಪ್ಪನೆ ಹಿಂದಕ್ಕೆ ಬಿತ್ತು.

ಟಕ್.

ಮಾತಿನ ಬೆನ್ನಿಗೆ ಹಲ್ಲಿ ನುಡಿದರೆ ಆ ಮಾತು ಸತ್ಯವಾಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ಕೇಳಿದವರು ಬೆರಳಿನಿಂದ ನೆಲ ಬಡಿದು “ಖರೆ, ಖರೆ” ಅನ್ನುತ್ತಾರೆ. ಅದಕ್ಕೆ ಯೋಚನೆ ಬೇಕಾಗಿಲ್ಲ, ಆಕಳಿಕೆ ಬಂದಾಗ ಬಾಯಿ ತೆರೆದ ಹಾಗೆ. ಸಾತವ್ವನ ಕೈ ತಾನೇ ಹೋಗಿ ಮಂಚದ ಕಟ್ಟಿಗೆಯನ್ನು ಬಡಿಯಿತು, ಬಾಯಿ ತಾನೇ “ಖರೆ, ಖರೆ” ಅಂದಿತು. ಅಂದ ಮೇಲೆ ಮುದುಕಿ ನಾಲಿಗೆ ಕಚ್ಚಿಕೊಂಡರು. ಗಡಿಯಾರದ ಹಿಂದೆ ಒಂದು ಹಲ್ಲಿಯೂ ಇತ್ತು, ಪಾಪ. ಬಾಯಿ ತೆರೆಯದ ಆ ಹಲ್ಲಿಯ ತಲೆಗೆ ಎಲ್ಲ ಬಂತು.

ನಾಮದೇವರ ಸಿಟ್ಟು ಇನ್ನೂ ಇಳಿದಿರಲಿಲ್ಲ. ತಿರುಗಿ ಫೋನ್ ಹಚ್ಚಿ ಹೇಳಿಬಿಟ್ಟರು: “ಕೇಳಲೇ ಧರ್ಮಾ, ಹಲ್ಲಿ ನುಡದೈತಿ. ಅವ್ವನೂ ಖರೆ ಅಂದಾಳ. ಇನ್ನ ನಿನ್ನ ಮಾತ ನೀ ಉಳಸ್ಕೋ.”

ಹಲ್ಲಿ ನುಡಿಯದೆ ಇದ್ದಿದ್ದರೆ ಅದು ಸಂಜೆಯ ಚಹಾದ ಹೊತ್ತಿಗೆ ಸಾಯುವ ಮಾತು. ಇಂಥವು ಆ ಮನೆಯಲ್ಲಿ ಹಿಂದೆ ಎಷ್ಟು ಸತ್ತಿಲ್ಲ. ಈ ಮಾತು ಮಾತ್ರ ಬದುಕಿಬಿಟ್ಟಿತು. ಅಂದಿನಿಂದ ಧರ್ಮರಾಜ ಆದಿತ್ಯವಾರಕ್ಕೊಮ್ಮೆ ಜಮಖಂಡಿಯಿಂದ ಬರುತ್ತಾರೆ, ಮನೆಯ ಮುಂದಿನ ಕಟ್ಟೆಯ ಮೇಲೆ ಕೂರುತ್ತಾರೆ. ಸಾತವ್ವನಿಗೆ ಈಗ ಎದ್ದು ಹೊರಗೆ ಬರಲಾಗುವುದಿಲ್ಲ, ಎತ್ತಿ ತರಲು ಹೋದರೆ ಟೊಂಕ ಹಿಡಿದು ಚೀರುತ್ತಾರೆ. ಮಂಚವನ್ನು ಕಿಟಕಿಗೆ ಸರಿಸಿದ್ದಾರೆ. ಸರಳಿನ ಒಳಗೆ ತಾಯಿ, ಹೊರಗೆ ಮಗ.

ಪ್ರತಿಮಾ ಕೂಡ ಅದನ್ನು ಹಲ್ಲಿ ಎಂದೇ ನಂಬಿದ್ದರು. ಕೆಲವು ವಾರ ಕಳೆದು ಒಂದು ಅಮಾವಾಸ್ಯೆ ಬಂತು. ಮಗ್ಗಕ್ಕೆ ರಜೆ. ಬೆಳಗಿನಲ್ಲಿ ಅಪ್ಪನ ಫೋನಿನಿಂದ ಅಜ್ಜಿಯ ಗುಳಿಗೆ ಚೀಟಿಯ ಫೋಟೊ ತೆಗೆದು ಕ್ಯಾಮೆರಾ ಮುಚ್ಚಿದರು. ಟಕ್. ಪ್ರತಿಮಾ ಗೋಡೆ ನೋಡಿದರು. ತೆರೆದು ಮುಚ್ಚಿದರು. ಟಕ್. ಮತ್ತೆ ತೆರೆದು ಮುಚ್ಚಿದರು. ಟಕ್. ಇಷ್ಟು ಹೇಳಿದ ಮಾತು ಕೇಳುವ ಹಲ್ಲಿ ಭೂಮಿಯ ಮೇಲಿಲ್ಲ.

“ನೋಡಿ ಒಪ್ಪಿದವರು ಅಂತ ನನ್ನ ಹೆಸರ ಐತಲ್ಲ, ಅದ ಕಣ್ಣ ಮುಂದ ಬಂತು.”

ಅಂದೇ ಪ್ರತಿಮಾ ತಮ್ಮ ತಪ್ಪನ್ನು ಬರೆದು ತಿಳಿಸಿದರು. ನಿಶಾಂತ ತೆಗೆದ ಸಾಲುಗಳು ಇದ್ದಲ್ಲಿಗೇ ಮರಳಿದವು. ಮಸೂರ ಮತ್ತೆ ಮೆಟ್ಟಿಲಿಳಿಯಿತು. ಫೋನ್ ಅಂಗಡಿ ಕಾಣುವ ಮೊದಲೇ ಸರಿಯಾಯಿತು ನೋಡಿ, ಆ ಮಾದರಿಯ ಫೋನ್ ಕೊಂಡ ಯಾರಿಗೂ ಆ ಸಪ್ಪಳ ಗೊತ್ತಿಲ್ಲ. ಇಡೀ ಲೋಕದಲ್ಲಿ ಅದು ಕೇಳಿಸಿದ್ದು ಒಂದೇ ಮನೆಯಲ್ಲಿ. ಕಂಪನಿಯವರು ಒಳ್ಳೆಯ ಕೆಲಸ ಎಂದು ಪ್ರತಿಮಾರನ್ನು ಹೊಗಳಿ ಬರೆದರು. ಅವರು ಅದನ್ನು ಓದಿ ಮುಗಿಸಲಿಲ್ಲ. ಮಗ್ಗ ಏಳುವ ಮೊದಲು ಫೋನ್ ಹಿಡಿದು ಕೂರುವುದು ಅಲ್ಲಿಂದ ಶುರು.

ಮನೆಯವರಿಗೆ ಹೇಳುವುದು ಕೋಡು ತಿದ್ದಿದಷ್ಟು ಹಗುರ ಇರಲಿಲ್ಲ. ಮೊದಲು ಅಜ್ಜಿಗೆ ಹೇಳಿದರು. “ಆಯಿ, ಅವತ್ತ ನುಡದದ್ದು ಹಲ್ಲಿ ಅಲ್ಲ. ಫೋನಿನ್ಯಾಗಿನ ಮೋಟರ್. ನಾ ಪಾಸ್ ಮಾಡಿದ್ದು.”

“ಅಂದ್ರ ಕರ್ನಲ್ ಸಾಹೇಬ್ರ ಡ್ರೈವರ್ ತಪ್ಪ ಮಾಡ್ದಾ?”

“ಹ್ಞೂಂ, ಆಯಿ. ಅಂವನ್ನ ನೋಡೂದ್ರಾಗ ನಾ ತಪ್ಪಿದ್ನಿ.”

ಸಾತವ್ವ ತಮ್ಮ ಕೈಬೆರಳು ನೋಡಿಕೊಂಡರು. “ಹಲ್ಲಿ ಆದ್ರ ಏನ್, ಮೋಟರ್ ಆದ್ರ ಏನ್ ಮಗಳ. ಬಡದದ್ದು ನನ್ನ ಕೈ.”

ಆಮೇಲೆ ಅಪ್ಪನಿಗೆ ಹೇಳಿದರು. ನಾಮದೇವ ಎದ್ದು ಹೋಗಿ, ಸರಿಯಾಗಿ ಓಡುತ್ತಿದ್ದ ಮಗ್ಗವನ್ನು ನಿಲ್ಲಿಸಿ ರಿಪೇರಿ ಮಾಡುತ್ತಾ ಕುಳಿತರು. ಮುಂದಿನ ಆದಿತ್ಯವಾರ ತಮ್ಮನಿಗೆ ಚಹಾ ತಾವೇ ಹೊರಗೆ ತಂದುಕೊಟ್ಟರು. “ಸಕ್ಕರಿ ಸಾಕೇನ ನೋಡು,” ಅಂದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಕ್ಷಮೆ ಹೊರಡುವುದಿಲ್ಲ.

ಚಹಾ ಕುಡಿದ ಮೇಲೆ ಪ್ರತಿಮಾ ಕಟ್ಟೆಯ ಮೇಲೆ ಚಿಕ್ಕಪ್ಪನ ಪಕ್ಕ ಕುಳಿತು ಮೋಟರಿನ ಕಥೆ ಪೂರಾ ಹೇಳಿದರು. ಧರ್ಮರಾಜ ಕೇಳಿದರು. “ತಂಗಿ, ನಾ ಹಲ್ಲಿಗೆ ಅಂಜಿ ಹೊರಗ ಕುಂತೇನಂತ ತಿಳದಿ ಏನ? ಹಲ್ಲಿ ದಿನಾ ನುಡೀತಾವ. ಅವ್ವ ಖರೆ ಅಂದ್ಳಲ್ಲ.”

“ಕೈ ತಾನ ಬಡೀತೋ ನನ್ನಪ್ಪಾ,” ಕಿಟಕಿಯೊಳಗಿಂದ ಸಾತವ್ವ ಅಂದರು.

“ಗೊತ್ತವ್ವಾ. ಅದಕ್ಕ ಮನಸಿಗೆ ಹತ್ತೈತಿ.”

ಆಗ ಪ್ರತಿಮಾ ತಮ್ಮ ಕಸಬಿನ ಕೊನೆಯ ಅಸ್ತ್ರ ತೆಗೆದರು. ಹೊಸ್ತಿಲು ಲಕ್ಷ್ಮಿಯ ಜಾಗ, ಅದರ ಮೇಲೆ ಕಾಲಿಡಬಾರದು, ದಾಟಿ ಬರಬೇಕು ಎಂದು ಕೂಸಿಗೆ ನಡಿಗೆ ಬಂದ ದಿನವೇ ಎಲ್ಲ ಮನೆಗಳಲ್ಲಿ ಹೇಳಿಕೊಡುತ್ತಾರೆ. ಪ್ರತಿಮಾ ಆ ಒಂದು ವಾಕ್ಯವನ್ನು ವಾರಗಟ್ಟಲೆ ಕೋಡಿನ ಹಾಗೆ ಓದಿದ್ದರು, ಒಂದು ಕಡೆ ತೂತು ಕಂಡಿತ್ತು.

“ಕಾಕಾ, ನೀವು ಏನಂದ್ರಿ? ಹೊಸ್ತಿಲಾ ತುಳಿಯೂದಿಲ್ಲ ಅಂದ್ರಿ. ದಾಟೂದಿಲ್ಲ ಅಂದ್ರೇನ್ರಿ?”

“ಇಲ್ಲ.”

“ಹೊಸ್ತಿಲಾ ಯಾರರೆ ತುಳೀತಾರೇನ್ರಿ? ಎಲ್ಲಾರೂ ದಾಟತಾರ. ಅಂದ ಮ್ಯಾಲ ನೀವು ದಾಟ್ರಿ. ಮಾತೂ ಉಳೀತು, ಆಯಿ ಅಂದ ಖರೆನೂ ಉಳೀತು.”

ಧರ್ಮರಾಜ ನಕ್ಕರು. ಆ ಕಟ್ಟೆಯ ಮೇಲೆ ಅವರು ಅಷ್ಟು ವಾರಗಳಲ್ಲಿ ನಕ್ಕದ್ದು ಅದೇ ಮೊದಲು. “ಎಲಾ ಇವಳ,” ಅಂದು ಎದ್ದರು. ಬಾಗಿಲಿಗೆ ಹೋದರು. ಚಪ್ಪಲಿ ಬಿಟ್ಟರು. ಒಳಗೆ ನಾಮದೇವ ನಿಂತಲ್ಲೇ ನಿಂತರು, ಸಾತವ್ವ ಸರಳು ಬಿಟ್ಟು ಬಾಗಿಲ ಕಡೆ ಹೊರಳಿದರು. ಧರ್ಮರಾಜ ಬಲಗಾಲು ಎತ್ತಿದರು. ಎತ್ತಿದ ಕಾಲು ಗಾಳಿಯಲ್ಲಿ ಒಂದಷ್ಟು ಹೊತ್ತು ನಿಂತಿತು, ಮೆಲ್ಲಗೆ ಇಳಿದು ಹೊರಗೇ ಬಂತು.

“ತೂತ ಛಲೋ ಹುಡುಕಿದಿ ತಂಗಿ. ಆದ್ರ ಅವತ್ತ ಅನ್ನೂ ಮುಂದ ನನ್ನ ಮನಸಿನ್ಯಾಗ ಏನಿತ್ತಂತ ನನಗ ಗೊತ್ತೈತಿ.”

ಬರೆದದ್ದು ನಿಯಮಕ್ಕೆ ಸರಿ, ಬರೆದವನ ಮನಸ್ಸಿನಲ್ಲಿದ್ದದ್ದು ಬೇರೆ ಎಂದು ಕಂಡರೆ ಪ್ರತಿಮಾ ಕೂಡ ಅಂಥ ಕೋಡನ್ನು ತಿರುಗಿ ಕಳಿಸುತ್ತಾರೆ. ಚಿಕ್ಕಪ್ಪ ಅದನ್ನೇ ಮಾಡಿದರು. ಈ ಸಲ ಪ್ರತಿಮಾ ಯಾಕೆ ಎಂದು ಕೇಳದೆ, ಖಾಲಿ ಕಪ್ಪು ಎತ್ತಿಕೊಂಡು ಒಳಗೆ ಹೋದರು.

ಈಗಲೂ ದಿನಕ್ಕೆ ಐದಾರು ಬರಹ ಬರುತ್ತವೆ, ಪ್ರತಿಮಾ ಈಗಲೂ ಹೆಸರು ಬರೆಯುತ್ತಾರೆ. ಬರೆಯುವ ಮೊದಲು ಫೋನನ್ನು ಇನ್ನೊಮ್ಮೆ ಕಿವಿಗೆ ಹಚ್ಚುತ್ತಾರೆ. ಲೋಕದ ಎಷ್ಟೋ ಕ್ಯಾಮೆರಾಗಳು ಸದ್ದಿಲ್ಲದೆ ಮುಚ್ಚುವುದು ಬನಹಟ್ಟಿಯ ಒಬ್ಬ ಹೆಣ್ಣುಮಗಳ ಬೆಳಗಿನ ಕಿವಿಯಿಂದ ಎಂದು ಯಾರಿಗೂ ತಿಳಿಯುವುದಿಲ್ಲ. ತಿಳಿಯಲಿ ಎಂಬ ಆಸೆಯೂ ಅವರಿಗಿಲ್ಲ. ಏನು ಬೇಕು ಎಂದು ಕೇಳಿದರೆ ಕಿಟಕಿಯ ಕಡೆ ನೋಡುತ್ತಾರೆ.

“ಕಾಕಾ ಒಮ್ಮೆ ಒಳಗ ಬರಬೇಕ್ರಿ, ಆಯಿ ಇರೂದ್ರಾಗ. ಕಿಡಕ್ಯಾಗಿಂದ ಕೈ ನಿಲಕತೈತಿ, ಕಾಲ ನಿಲಕೂದಿಲ್ಲ. ಬಾತದ್ದು ಕಾಲ ನೋಡ್ರಿ.” ಮತ್ತೆ ಅನ್ನುತ್ತಾರೆ: “ಕಾಕಾ ತಮ್ಮ ಮಾತಿಗೆ ಸೋಲೂದಿಲ್ಲ. ಹಸದ ಮಂದಿಗೆ ಸೋಲ್ತಾರ. ತಾಟಿನ ಮುಂದ ಕುಂತಾಂವ ಉಣ್ಣದ ಎದ್ರ ಅವರಿಗೆ ತಡಿಯೂದಿಲ್ಲ.”

ಆದ್ದರಿಂದ ಇಷ್ಟು ಹೊತ್ತು ಪುಕ್ಕಟೆ ಓದಿದವರಿಗೆ ಒಂದು ಕೆಲಸ. ಆದಿತ್ಯವಾರ ಬನಹಟ್ಟಿ ಬಸ್ ಹತ್ತಿ, ಸರಿಯಾಗಿ ಊಟದ ಹೊತ್ತಿಗೆ ಆ ಮನೆಗೆ ಹೋಗಿ. ಒಳಗೆ ಕರೆದು ತಾಟು ಹಾಕುತ್ತಾರೆ. ಬಿಸಿ ರೊಟ್ಟಿ ಬರುತ್ತದೆ, ಎಣ್ಣೆಗಾಯಿ ಬರುತ್ತದೆ, ಶೇಂಗಾ ಹಿಂಡಿ, ಕೆನೆ ಮೊಸರು ಬರುತ್ತದೆ. ಕೈ ಕಟ್ಟಿಕೊಂಡು ಕೂರಿ. “ಧರ್ಮರಾಜರು ಬಾಜೂಕ ಬಂದ ಕುಂತ್ರ ಉಣ್ತೇನಿ, ಇಲ್ಲಂದ್ರ ಹಿಂಗ ಎದ್ದ ಹೋಗ್ತೇನಿ,” ಅನ್ನಿ. ಕಟ್ಟೆಗೆ ಕೇಳುವಷ್ಟು ಗಟ್ಟಿಯಾಗಿ ಅನ್ನಿ. ಈ ವಾರವೇ ಹೋದರೆ ಒಳ್ಳೆಯದು, ಸಾತವ್ವನ ಕಾಲಿನ ಬಾವು ಇಳಿದಿಲ್ಲ. ಮತ್ತೆ, ಮನೆಯಲ್ಲಿ ಗುಟ್ಟಾಗಿ ಉಂಡು ಹೋಗಬೇಡಿ. ಹಸಿದ ಮುಖ ಯಾವುದು, ಹಸಿದಂತೆ ಮಾಡುವ ಮುಖ ಯಾವುದು ಎಂದು ಧರ್ಮರಾಜ ಕಿಟಕಿಯಿಂದಲೇ ಗುರುತು ಹಿಡಿಯುತ್ತಾರೆ.